ಮಂಚದ ಉದ್ದ

ಜನವರಿ ೯, ಗುರುವಾರ.

ಬೆಳಿಗ್ಗೆ ಐಸ್ ಹಾಕಿ ತಂಡದ ಮ್ಯಾನೇಜರ್ ರಸ್ ಫೋನ್ ಮಾಡಿ, "ವೆರ್ನಕ್ಕ, ಕೋಲ್ಬಿ ಮಲಗೋ ಮಂಚ ಎಷ್ಟುದ್ದ ಇದೆ?" ಅಂತ ಕೇಳಿದ. ಆರಡಿ ಮೂರಿಂಚು ಅಂದೆ.

"ಸಾಲಲ್ಲ ಬಿಡಿ. ಬರೋನು ಆರಡಿ ಐದು. ಆಟ ಇನ್ನೂ ಪಳಗಬೇಕು, ಆದ್ರೆ ಗುದ್ದಿದ್ರೆ ಗೋಡೇನೇ ಬೀಳುತ್ತೆ. ಕೋಲ್ಬೀನ ಅವನ ತಂಡಕ್ಕೆ ಕೊಟ್ಟು ಅವನನ್ನ ತಗೊಂಡ್ವಿ. ಹುಡುಗನಿಗೆ ನಾನೇ ಹೇಳ್ತೀನಿ, ನೀವು ಸುಮ್ನಿರಿ."

ಸುಮ್ಮನಿದ್ದೆ. ಎರಡು ವರ್ಷ ನನ್ನ ಮನೆಯಲ್ಲಿದ್ದು ಆಡಿದ ಹುಡುಗ ಮಧ್ಯಾಹ್ನ ಎದುರಿಗೇ ಕೂತು ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ತಿನ್ನುತ್ತ, "ಆಂಟಿ, ಉಪ್ಪು ತುಟ್ಟಿ ಆಯ್ತಾ?" ಎಂದು ನಕ್ಕ. ಉಪ್ಪಿನ ಡಬ್ಬಿ ಅವನ ಕಡೆ ತಳ್ಳಿದೆ, ಅಷ್ಟೆ.

ಮೂರು ಗಂಟೆಗೆ, ರಸ್ ಬಾಯಿಂದ ಸುದ್ದಿ ಕೇಳಿ, ಬಟ್ಟೆ ತುಂಬಿಕೊಳ್ಳಲು ಬಂದ. "ನಿಮಗೆ ಮೊದಲೇ ಗೊತ್ತಿತ್ತಾ?" ಎಂದ. ಇಲ್ಲ ಎಂದೆ. ಆಗಲೂ ಅಳು ಬರಲಿಲ್ಲ, ಈಗಲೂ ಬರುತ್ತಿಲ್ಲ. ರಸ್ತೆ ತುಂಬ ಹಿಮ. ಹೊಸ ತಂಡದ ಊರಿಗೆ ಹೊರಟವನು ರೆಜೈನಾ ಪಟ್ಟಣ ದಾಟಿದನೋ ಇಲ್ಲವೋ.

ಹೊಸಬ ನಾಳೆ ಬರುತ್ತಾನೆ. ಮಂಚದ ತುದಿಗೆ ಸ್ಟೂಲು ಇಟ್ಟು, ಮೇಲೊಂದು ದಿಂಬು ಹಾಕಿದೆ. ಕೋಲ್ಬಿ ಮಲಗಿದರೆ ಅಲ್ಲಿ ಒಂದು ಗೇಣು ಜಾಗ ಉಳಿಯುತ್ತಿತ್ತು. ಇನ್ನೂ ಹದಿನೇಳು, ಬೆಳೆಯುತ್ತಾನೆ ಅಂತ ನಾನು ಆ ಮಂಚ ಉದ್ದದ್ದೇ ನೋಡಿ ತಂದಿದ್ದೆ.