ಖಾಲಿ ಚೀಲ

೧೧ ಫೆಬ್ರವರಿ ೨೦೨೫, ಮಂಗಳವಾರ. ಹಾನಗಲ್ಲ.

ಇವತ್ತು ಯಾಕೆ ಹಾಗಂದೆನೋ, ನಿದ್ದೆಯೇ ಹತ್ತುತ್ತಿಲ್ಲ.

ಸಕ್ಕರೆ ಕಾಯಿಲೆಗೆ ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿ ಮೂರು ತಿಂಗಳಾಯಿತು. ನಡೆಯುವುದು ಕಷ್ಟವಲ್ಲ, ನಮ್ಮ ಓಣಿ ದಾಟುವುದು ಕಷ್ಟ. ಪ್ರತಿ ಕಟ್ಟೆಯಿಂದಲೂ "ಎಲ್ಲಿಗೆ ಹೊಂಟ್ರಿ ಅಕ್ಕೋರ?" ಸುಮ್ಮನೆ ಎಂದರೆ ಯಾರೂ ನಂಬುವುದಿಲ್ಲ. ಶಾಲೆಯಲ್ಲಿ ಇವರ ಮಕ್ಕಳಿಗೆಲ್ಲ ಸುಳ್ಳು ಹೇಳಬಾರದೆಂದು ಕಲಿಸಿದ ನಾನು, ಕಾಯಿಪಲ್ಲೆ ಚೀಲ ಹಿಡಿದು ಪ್ಯಾಟಿಗೆ ಹೊರಟವಳಂತೆ ನಟಿಸುತ್ತೇನೆ.

ಸಂಜೆ ಕೆರೆ ಏರಿಯ ಮೇಲೆ ಹಿಂದಿನ ಓಣಿಯ ಫಕ್ಕೀರವ್ವ ಎದುರಾದಳು. ನನ್ನದೇ ವಯಸ್ಸು. ಅವಳ ಕೈಯಲ್ಲೂ ಚೀಲ. ಆ ಕಡೆ ಒಂದು ಅಂಗಡಿಯೂ ಇಲ್ಲ. ನನ್ನ ಚೀಲ ನೋಡಿ, ತನ್ನದನ್ನು ಜಾಡಿಸಿ ತೋರಿಸಿ ನಕ್ಕಳು. "ನಂದೂ ಖಾಲಿನ ಐತ್ರಿ ಅಕ್ಕೋರ. ಕೂಡೇ ಅಡ್ಡಾಡೂಣು ಬರ್ರಿ."

"ಇಲ್ಲವಾ, ನನಗ ಕೊತ್ತಂಬರಿ ತರೋದದ" ಎಂದು ಬಿರಬಿರನೆ ತಿರುಗಿಬಿಟ್ಟೆ. ಅವಳ ಮುಖ ಸಣ್ಣದಾಯಿತು. ಮಾತು ಸುಳ್ಳಾಗಬಾರದೆಂದು ಪ್ಯಾಟಿಗೆ ಹೋಗಿ ಕೊತ್ತಂಬರಿ ತಂದೂ ತಂದೆ. ಮನೆಯಲ್ಲಿ ನಿನ್ನೆಯದೇ ಬಾಡುತ್ತಿದೆ.

ನಾಳೆ ಚೀಲ ಗೂಟದಲ್ಲೇ ಇರಲಿ. ಕಟ್ಟೆಯವರು ಕೇಳಿದರೆ ಫಕ್ಕೀರವ್ವನ ಮನೆಗೆ ಎನ್ನುತ್ತೇನೆ. ಆದರೆ ಬಾಗಿಲಲ್ಲಿ ನಿಂತು ಅವಳೇ, "ಯಾಕ ಬಂದ್ರಿ ಅಕ್ಕೋರ?" ಎಂದರೆ…