ಶುಕ್ರವಾರ ಹೊರಗೆ ಹೋಗದ ರೊಕ್ಕ

8 ಏಪ್ರಿಲ್, ಮಂಗಳವಾರ

ಇವತ್ತೂ ತಡ. ಹನ್ನೆರಡು ಜನ ತುಂಬುವ ತನಕ ಲಾಡ್ಲೇಸಾಬ ತನ್ನ ಟಂಟಂ ಆಟೊ ಬಿಡುವುದಿಲ್ಲ. ಹತ್ತಿಕುಣಿ ಶಾಲೆ ಮುಟ್ಟಿದಾಗ ಪ್ರಾರ್ಥನೆ ಮುಗಿದು ಮಕ್ಕಳೆಲ್ಲ ಒಳಗೆ. ಹೆಡ್‌ಮಾಸ್ಟರ್ ಬೀರಣ್ಣ ಸರ್ ಗಡಿಯಾರ ನೋಡಲಿಲ್ಲ, ನನ್ನನ್ನೇ ನೋಡಿದರು. ಅದು ಇನ್ನೂ ಕೆಟ್ಟದ್ದು.

ಮನೆಯ ಬೈಕ್ ಇವರು ದಿನಾ ಶಹಾಪುರಕ್ಕೆ ಒಯ್ಯುತ್ತಾರೆ. ನಿರ್ಧಾರ ಮಾಡಿದೆ — ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ನನ್ನದೇ ಸ್ಕೂಟಿ. ಬ್ಯಾಂಕಿಗೆ ಹೋದೆ. ಅಲ್ಲಿ ಲೋನ್ ನೋಡುವ ಬಾಲರಾಜ ನನ್ನ ಹಳೆಯ ವಿದ್ಯಾರ್ಥಿ. ಕಂಪ್ಯೂಟರ್ ನೋಡಿ ಹೇಳಿದ, "ನಿಮ್ಮ ಕ್ರೆಡಿಟ್ ಸ್ಕೋರ್ ಏಳುನೂರಾ ಎಪ್ಪತ್ನಾಕ್ ಐತ್ರಿ ಟೀಚರ್. ಏಳುನೂರಾ ಐವತ್ತ ದಾಟಿದ್ರ ಸಾಕು, ಲೋನ್ ಆದಂಗ ತಿಳೀರಿ."

ಅವನಿಗೆ ಗಣಿತದಲ್ಲಿ ಮೂವತ್ತೈದು ಕೊಟ್ಟು ಪಾಸ್ ಮಾಡಿದ್ದೆ. ಈಗ ಅವನು ನನ್ನ ಅಂಕ ಓದುತ್ತಾನೆ. ಖುಷಿಯೋ ಖುಷಿ.

24 ಏಪ್ರಿಲ್, ಗುರುವಾರ, ಸಂಜೆ 7

ಮೈದುನ ಮಲ್ಲುವಿನ ಮದುವೆಯ ಜವಳಿ ಮುಗಿಯಿತು. ಮೇ ನಾಲ್ಕಕ್ಕೆ ರಂಗಂಪೇಟೆಯಲ್ಲಿ ಮದುವೆ. ಬೀಗರಿಗೆ ಕೊಡುವ ಆಹೇರಿ ಸೀರೆ, ಧೋತರ... ಒಂದು ಗುಡ್ಡ. ಅಂಗಡಿಯವ ಒಂದು ಮಾತು ಹೇಳಿ ಕೆಡಿಸಿದ — ಕಾರ್ಡ್ ಇದ್ದರೆ ಹತ್ತು ಪರ್ಸೆಂಟ್ ಬಿಡ್ತೀವಿ. ಇಡೀ ಬಳಗದಲ್ಲಿ ಕ್ರೆಡಿಟ್ ಕಾರ್ಡ್ ಇರುವುದು ನನ್ನೊಬ್ಬಳ ಹತ್ತಿರ. ನಾದಿನಿ ಬಸವೇಶ್ವರಿ, ಆಕೆಯ ಅತ್ತೆ, ಚಿಗವ್ವ — ಎಲ್ಲರ ಬಿಲ್ಲೂ ನನ್ನ ಕಾರ್ಡಿಗೆ. ಎಲ್ಲರೂ ಅಲ್ಲೇ ನಗದು ಎಣಿಸಿ ಕೊಟ್ಟರು, ಪುಣ್ಯಾತ್ಮರು.

ಕಾರ್ಡ್ ಉಜ್ಜಿದಾಗಲೆಲ್ಲ ಒಂದು ಗತ್ತು ಬಂದಿತ್ತು. ಸುಳ್ಳೇಕೆ ಹೇಳಲಿ.

ರೊಕ್ಕ ಅತ್ತೆಯ ಕೈಗೆ ಕೊಟ್ಟೆ. ಲಕ್ಷ್ಮಿ ಫೋಟೋದ ಮುಂದಿನ ಡಬ್ಬಿಯಲ್ಲಿಟ್ಟರು. ನಾಳೆ ಬ್ಯಾಂಕಿಗೆ ತುಂಬಬೇಕು.

25 ಏಪ್ರಿಲ್, ಶುಕ್ರವಾರ

ಮೆಸೇಜ್. ಲಿಮಿಟ್ ಐವತ್ತು ಸಾವಿರ, ನಾನು ಉಜ್ಜಿದ್ದು 51,860. ದಾಟಿದರೂ ಕಾರ್ಡ್ ನಡೆಯಲಿ ಎಂದು ಯಾವಾಗಲೋ ಆ್ಯಪ್‌ನಲ್ಲಿ ನಾನೇ ಒಪ್ಪಿಗೆ ಒತ್ತಿದ್ದೆನಂತೆ. ಏನೋ ಆಫರ್ ಅಂದುಕೊಂಡಿದ್ದೆ. ದಂಡ ಬೇರೆ, 590.

ಬಾಲರಾಜನಿಗೆ ಫೋನ್. "ಇವತ್ತ ಸಂಜಿಗೆ ಸ್ಟೇಟ್‌ಮೆಂಟ್ ಆಗ್ತೈತ್ರಿ. ಅದರೊಳಗ ತುಂಬಿಬಿಡ್ರಿ. ಇಲ್ಲಾಂದ್ರ ಲಿಮಿಟ್ ದಾಟಿದ್ದೇ ರಿಪೋರ್ಟ್ ಆಗಿ ಸ್ಕೋರ್ ಬೀಳ್ತೈತಿ."

ನನ್ನ ಖಾತೆಯಲ್ಲಿ ಇದ್ದದ್ದು ಮುನ್ನೂರು. ಡಬ್ಬಿ ಕೇಳಿದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಶುಕ್ರವಾರ ದಿನ ಮನ್ಯಾಗಿನ ಲಕ್ಷ್ಮೀನ್ನ ಹೊರಗ ಕಳಸ್ತಾರೇನು? ನಾಳೆ ತುಂಬು."

"ನಾಳೆ ನಾಕನೇ ಶನಿವಾರ ರಿ ಅತ್ತ್ಯಾರ, ಬ್ಯಾಂಕ್ ಇರಂಗಿಲ್ಲ. ನಾಡದ ರವಿವಾರ."

"ನಾಡದ ಅಮಾಸಿನೂ ಐತಿ. ಸೋಮವಾರ ತುಂಬು. ಬ್ಯಾಂಕೇನ್ ಓಡಿ ಹೋಗ್ತೈತೇನು?"

ಇವರ ಕಡೆ ನೋಡಿದೆ. ಪೇಪರಿನ ಹಿಂದೆ ಮುಖ ಮರೆಯಾಗಿತ್ತು. ಸಿಟ್ಟು ಬಂತು, ಅಳುವೂ ಬಂತು. ಮದುವೆ ಮನೆ, ನುಂಗಿಕೊಂಡೆ.

5 ಮೇ, ಸೋಮವಾರ

ಹಿಂದಿನ ಸೋಮವಾರ ಕಾರ್ಡಿನ ಬಾಕಿ ಪೂರ್ತಿ ತುಂಬಿದ್ದೇನೆ, ದಂಡ ಸಮೇತ. ಮದುವೆ ಜೋರಾಯಿತು. ಬೀಗರು ಆಹೇರಿ ಸೀರೆಯ ಸೆರಗು ಮುಟ್ಟಿ ಮುಟ್ಟಿ ನೋಡಿದರು. ಮಲ್ಲು ನಾಚಿಕೊಂಡು ಅಕ್ಷತೆಗೂ ತಲೆ ಎತ್ತಲಿಲ್ಲ. ನಕ್ಕು ನಕ್ಕು ಪಕ್ಕೆ ನೋವು.

13 ಮೇ, ಮಂಗಳವಾರ

ಸ್ಕೋರ್ 702.

"ನೀವು ತುಂಬೀರಿ ಅಂತ ನನಗ ಗೊತ್ತೈತ್ರಿ ಟೀಚರ್. ಅದಕ್ಕ ಗೊತ್ತಿಲ್ಲ," ಎಂದ ಬಾಲರಾಜ, ಕಂಪ್ಯೂಟರ್ ತೋರಿಸಿ. "ಮುಂದಿನ ಸ್ಟೇಟ್‌ಮೆಂಟಿಗೆ ಬಾಕಿ ಸೊನ್ನೆ ಇರ್ಲಿ. ಜೂನ್‌ದಾಗ ಮತ್ತ ಏರ್ತೈತಿ."

ಮನೆಗೆ ಬಂದು ಅತ್ತೆಗೆ ಹೇಳಿಯೇ ಬಿಟ್ಟೆ — ನಿಮ್ಮ ಶುಕ್ರವಾರಕ್ಕೆ ನನ್ನ ಸ್ಕೂಟಿ ಹೋಯಿತು. ಊಟಕ್ಕೆ ಕುಳಿತಾಗ ನನ್ನ ತಟ್ಟೆಗೆ ಕೇಳದೇ ಎರಡು ಚಮಚ ತುಪ್ಪ ಬಿತ್ತು.

24 ಮೇ, ಶನಿವಾರ

ಅತ್ತೆ ಕ್ಯಾಲೆಂಡರಿನ ಇಪ್ಪತ್ತೈದಕ್ಕೆ ಕುಂಕುಮ ಹಚ್ಚಿದ್ದಾರೆ. ಬೆಳಿಗ್ಗೆ ಎದ್ದವರೇ — "ನಾಳೆ ನಿನ್ನ ಕಾರ್ಡಿನ ಚೀಟಿ ಬರೂ ದಿನ. ಬಾಕಿ ಏನರ ಐತೇನು?" ಇಲ್ಲ ಎಂದೆ. ಸಾಲದು. ಫೋನ್ ತೆಗೆಸಿ ಸೊನ್ನೆಯನ್ನು ಕಣ್ಣಾರೆ ನೋಡಿದರು.

ಮನೆಗೆ ಬಂದವರಿಗೆಲ್ಲ ಈಗ ಅವರದು ಒಂದೇ ಪ್ರಶ್ನೆ, ಜ್ವರ ಕೇಳಿದ ಹಾಗೆ — "ನಿನ್ನ ಸ್ಕೋರ್ ಎಷ್ಟೈತಿ?" ಹಾಲಿನವನಿಗೂ ಕೇಳಿದ್ದಾರೆ.

1 ಜೂನ್, ರವಿವಾರ

ಶಾಲೆ ಶುರುವಾಗಿ ನಾಲ್ಕು ದಿನ. ಮತ್ತೆ ಟಂಟಂ, ಮತ್ತೆ ತಡ. ಆದರೆ ಲಾಡ್ಲೇಸಾಬ ತನ್ನ ಮಗಳ ಸ್ಕೂಟಿ ತಂದು ಮೈದಾನದಲ್ಲಿ ಕಲಿಸುತ್ತಿದ್ದಾನೆ. ನಿನ್ನ ಗಿರಾಕಿ ಒಬ್ಬಳು ಕಡಿಮೆಯಾಗುತ್ತಾಳಲ್ಲ ಎಂದೆ.

"ಸೀಟಿಗೇನ್ರಿ, ಇನ್ನೊಬ್ರು ಕೂಡ್ತಾರ. ನೀವು ಬಿದ್ರ ನನ್ನ ಹೆಸರು ಖರಾಬ್ ಆಗ್ತೈತಿ. ಬ್ರೇಕ್ ಹಿಡೀರಿ... ಬ್ರೇಕ್ ರಿ ಟೀಚರ್..."

ಬೇಲಿಯಲ್ಲಿ ನಿಂತಿತು. ಮೊಣಕೈ ತರಚಿದೆ. ಬಹಳ ಮಜಾ.

16 ಜೂನ್, ಸೋಮವಾರ

781! ಮೊದಲಿಗಿಂತ ಏಳು ಜಾಸ್ತಿ. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ಯಾಕೆಂದು ಯಾರಿಗೂ ತಿಳಿಯಲಿಲ್ಲ, ತಿಂದರು.

20 ಜೂನ್, ಶುಕ್ರವಾರ, ರಾತ್ರಿ

ಲೋನ್ ಪಾಸ್. ಶೋರೂಮಿನಲ್ಲಿ ನೀಲಿ ಬಣ್ಣದ್ದು ಒಂದೇ ಉಳಿದಿತ್ತು, ನಾಳೆ ಬೆಳಿಗ್ಗೆ ಅದಕ್ಕೆ ಗುರುಮಠಕಲ್‌ನವರು ಬರುವವರಿದ್ದರಂತೆ. ಮುಂಗಡ ಹದಿನೆಂಟು ಸಾವಿರ ಇವತ್ತೇ ಕಟ್ಟಿದರೆ ಕೂಡಲೇ ಗಾಡಿ ಕೊಡುತ್ತೇವೆ ಎಂದರು. ನಾನು ಕೂಡಿಟ್ಟ ರೊಕ್ಕ ಅದೇ ಡಬ್ಬಿಯಲ್ಲಿತ್ತು. ಮತ್ತು ಇವತ್ತು ಶುಕ್ರವಾರ.

ಮನೆಗೆ ಬಂದು ಏನೂ ಕೇಳಲಿಲ್ಲ. ಬೇರೆ ಬಣ್ಣ ಬಂದಾಗ ನೋಡೋಣ ಎಂದಷ್ಟೇ ಇವರಿಗೆ ಹೇಳಿದೆ. ಅಡುಗೆ ಮನೆಯಿಂದ ಅತ್ತೆ ಕೇಳಿಸಿಕೊಂಡರು. ಕೈ ಒರೆಸಿಕೊಂಡು ಬಂದು ದೀಪಕ್ಕೆ ಎಣ್ಣೆ ಹಾಕಿದರು. ಡಬ್ಬಿ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡರು.

"ಅತ್ತ್ಯಾರ, ಇವತ್ತ ಶುಕ್ರವಾರ ರಿ."

"ನಲವತ್ತ ವರ್ಷ ಹೇಳಿದಾಕಿ ನಾನ, ನನಗ ಗೊತ್ತಿಲ್ಲೇನು?" ಚಪ್ಪಲಿ ಮೆಟ್ಟುತ್ತಾ ಹೇಳಿದರು, "ರೊಕ್ಕ ಒಂದ ಹೋಗಬಾರದು. ನಾ ಸಂಗಾಟ ಹೋಗ್ತೀನಿ. ಗಾಡಿ ಮ್ಯಾಲ ಕುಂತು ವಾಪಸ್ ಬರ್ತೀನಿ. ಲೆಕ್ಕ ಸರಿ ಆಗ್ತೈತಿ."

ಹಾಗೇ ಬಂದೆವು. ಸ್ಟೇಷನ್ ರಸ್ತೆಯುದ್ದಕ್ಕೂ ನನ್ನ ಸೊಂಟ ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಇನ್ನೂ ನೋಯುತ್ತಿದೆ. ಮದುವೆಯಾಗಿ ಹತ್ತೊಂಬತ್ತು ವರ್ಷ. ಅವರು ನನ್ನನ್ನು ಹಿಡಿದುಕೊಂಡದ್ದು ಇದೇ ಮೊದಲು.

21 ಜೂನ್, ಶನಿವಾರ, ಬೆಳಿಗ್ಗೆ

ಇವತ್ತು ಪ್ರಾರ್ಥನೆಗೆ ಮೊದಲೇ ಹೋಗಿ ಬೀರಣ್ಣ ಸರ್ ಎದುರಿಗೆ ನಿಲ್ಲುತ್ತೇನೆ. ಅತ್ತೆ ಆಗಲೇ ಹಿಂದಿನ ಸೀಟಿನಲ್ಲಿ ಕುಳಿತಾಗಿದೆ. ದಾರಿಯಲ್ಲಿ ಬಸವೇಶ್ವರಿಯ ಮನೆಗೆ ಇಳಿಸಬೇಕಂತೆ, ಗಾಡಿ ತೋರಿಸಲು. ಬಗ್ಗಿ ಬಗ್ಗಿ ಹಾರ್ನ್ ಒತ್ತುತ್ತಿದ್ದಾರೆ. ಬಂದೆ ಎಂದರೂ ಬಿಡುತ್ತಿಲ್ಲ, ಮನೆಯ ಬೀಗದ ಕೈ ಎಲ್ಲಿ ಇಟ್ಟೆನೋ...