ಎವುರಾಮಾಳ ಮೊದಲ ರಿಲ್ಯಾಕ್ಸರ್

ಡಿಸೆಂಬರ್ 3, ಮಂಗಳವಾರ

ಇವತ್ತೂ ಎವುರಾಮಾಳ ತಲೆ ಬಾಚುವಷ್ಟರಲ್ಲಿ ಸಾಕುಸಾಕಾಯಿತು. ಬಾಚಣಿಗೆಯ ಇನ್ನೊಂದು ಹಲ್ಲು ಹೋಯಿತು. ಎಂಟು ವರ್ಷದ ಮಗಳು, ಕೂದಲು ಥೇಟ್ ನನ್ನದೇ — ಒತ್ತು ಸುರುಳಿ, ಹಟಮಾರಿ. ಶನಿವಾರ ನನ್ನ ತಂಗಿ ಅರಬಾಳ ಮದುವೆ. ಚರ್ಚಿನಲ್ಲಿ ಇವಳ ಜೊತೆ ಹೂ ಹಿಡಿದು ನಡೆಯುವ ಹುಡುಗಿಯರೆಲ್ಲರದೂ ನೆಟ್ಟಗಿನ ಕೂದಲಂತೆ. ಇವಳಿಗೂ ಸುರುಳಿ ಬಿಡಿಸುವ ರಿಲ್ಯಾಕ್ಸರ್ ಕ್ರೀಮ್ ಹಚ್ಚು ಅಂತ ಅರಬಾ ದಿನಾ ಫೋನ್. ಮಗಳದೂ ಅದೇ ರಗಳೆ. ಆಗಲಿ ಅಂದುಬಿಟ್ಟೆ.

ಅಂದಾಗಿನಿಂದ ಭಯ. ನನಗೂ ಇದೇ ವಯಸ್ಸಿನಲ್ಲಿ ಹಚ್ಚಿದ್ದರು. ಕಿವಿಯ ಹಿಂದೆ ಸುಟ್ಟ ಜಾಗ ಇವತ್ತಿಗೂ ಬೋಳು.

ಡಿಸೆಂಬರ್ 5, ಗುರುವಾರ

ಕೊಟೊಕುರಾಬ ಮಾರುಕಟ್ಟೆ. ಮೈಲ್ಡ್, ರೆಗ್ಯುಲರ್, ಸೂಪರ್... ಒಂದು ಗೋಡೆಯ ತುಂಬ ರಿಲ್ಯಾಕ್ಸರ್ ಡಬ್ಬಗಳೇ. ಕೊನೆಗೆ ನಗುವ ಹುಡುಗಿಯ ಚಿತ್ರವಿದ್ದ ಮಕ್ಕಳ ಡಬ್ಬ ಆರಿಸಿದೆ. ಅಂಗಡಿಯ ಆಂಟಿ ಕುಕುವಾ ತಲೆ ಆಡಿಸಿದರು.

"ಚಿತ್ರ ಮಗೂದು ಕಣಮ್ಮ, ಒಳಗಿರೋದು ಸುಣ್ಣಾನೇ. ಹಚ್ಚೋವರೆಗೂ ತಲೆ ಕೆರ್ಕೊಳ್ಳೋಕೆ ಬಿಡಬೇಡ, ಗೀರಿದ ಕಡೆ ಸುಟ್ಟುಬಿಡುತ್ತೆ."

ಸಂಜೆ ಜಡೆಗಳನ್ನೆಲ್ಲ ಬಿಚ್ಚಿದೆ. ಮಗಳ ಕೈ ತಲೆಗೇ ಹೋಗುತ್ತಿತ್ತು. ಗದರಿದೆ. ಅರಬಾ ಬಂದವಳು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಡಿಸಿದಳು:

"ಉರಿ ಅಂತ ಬಾಯ್ಬಿಟ್ಯೋ, ನಿಮ್ಮಮ್ಮ ತಕ್ಷಣ ತೊಳೆದುಬಿಡ್ತಾಳೆ. ಅರ್ಧ ನೆಟ್ಟಗೆ, ಅರ್ಧ ಗುಂಗುರು. ಹಂಗೇ ಚರ್ಚಿಗೆ ಬರ್ತೀಯೇನೆ?"

ನಾವಿಬ್ಬರೂ ನಕ್ಕೆವು. ಮಗಳು ನಗಲಿಲ್ಲ.

ಡಿಸೆಂಬರ್ 6, ಶುಕ್ರವಾರ, ಬೆಳಗ್ಗೆ

ಕೆರೆದುಕೊಂಡೆಯಾ ಎಂದು ಕೇಳಿದೆ. ಇಲ್ಲವಂತೆ. ಹಣೆಗೆ, ಕಿವಿಗೆ ವ್ಯಾಸಲೀನ್ ಸವರಿ ಕ್ರೀಮ್ ಹಚ್ಚಿದ್ದಾಯಿತು. ಟಿವಿ ಮುಂದೆ ಸ್ಟೂಲಿನ ಮೇಲೆ ಕೂತಿದ್ದಾಳೆ. ಕೈ ಸುಮ್ಮನಿರದೆ ಇದನ್ನು ಬರೆಯುತ್ತಿದ್ದೇನೆ. ಉರಿಯುತ್ತಿದೆಯಾ? ಇಲ್ಲ.

ಮತ್ತೆ ಕೇಳಿದೆ. ಇಲ್ಲ. ಕಾರ್ಟೂನ್ ಬರುತ್ತಿದೆ, ನಗುತ್ತಿಲ್ಲ. ನಿದ್ದೆಯಲ್ಲೂ ವಟಗುಟ್ಟುವ ಹುಡುಗಿ... ಒಂದು ಮಾತಿಲ್ಲ. ಕಣ್ಣು ತುಂಬಿದೆ. ವಾಸನೆಗೆ ಅಂದಳು. ವಾಸನೆ ಕಣ್ಣಿಗೆ ಹೊಡೆಯುವುದು ನಿಜ. ಡಬ್ಬದ ಮೇಲೆ ಬರೆದಷ್ಟು ಹೊತ್ತು ಇನ್ನೂ ಆಗಿಲ್ಲ. ಸ್ಟೂಲಿನ ಅಂಚನ್ನು ಯಾಕೆ ಹೀಗೆ ಹಿಡಿದಿದ್ದಾಳೆ —

ಅದೇ ದಿನ, ಮಧ್ಯಾಹ್ನ

ಆಸ್ಪತ್ರೆಯ ಬೆಂಚು. ಮಗಳು ಒಳಗಿದ್ದಾಳೆ. ಬರೆಯದಿದ್ದರೆ ಕಿರುಚಿಬಿಡುತ್ತೇನೆ.

ಹತ್ತಿರ ಹೋದಾಗ ಕೇಳಿದ್ದಳು, ಪೂರ್ತಿ ನೆಟ್ಟಗಾಯಿತಾ ಎಂದು. ಆಯಿತು ಅಂದೆ.

"ಹಂಗಾದ್ರೆ ಈಗ ಹೇಳ್ಲಾ ಅಮ್ಮ? ತುಂಬಾ ಉರೀತಿದೆ. ಆಗ್ಲಿಂದ."

ಬಕೆಟ್ಟುಗಟ್ಟಲೆ ನೀರು ಸುರಿದೆ. ಕೂದಲು ನೆಟ್ಟಗೇ ಇತ್ತು. ನನ್ನ ಕೈಗೆ ಕಿತ್ತು ಬಂದದ್ದೂ ನೆಟ್ಟಗೇ. ನನ್ನ ಮೇಲೆ ನನಗೇ ಹೇಸಿಗೆ.

ನರ್ಸ್ ಕರೆಯುತ್ತಿದ್ದಾರೆ. ಮಗು ಮೊದಲೇ ಹೇಳಲಿಲ್ಲವಾ ಎಂದು ಕೇಳುತ್ತಾರೆ. ನಮ್ಮ ತಮಾಷೆಗೆ ಹೆದರಿ ಬಾಯಿ ಬಿಡಲಿಲ್ಲ ಎಂದೇ ಹೇಳುತ್ತೇನೆ.